ದೂರದ ಸೂಪರ್ ಮಾರ್ಕೆಟ್, ಡೆಲಿವರಿ ಆ್ಯಪ್, ಪಕ್ಕದ ದಿನಸಿ ಅಂಗಡಿ: ನಾಲ್ಕು ವಾರ ಬರೆದಿಟ್ಟ ಲೆಕ್ಕ

ನಾನಿರುವ ಬಡಾವಣೆಯಲ್ಲಿ ದೊಡ್ಡ ಅಂಗಡಿ ಒಂದೂ ಇಲ್ಲ. ಮನೆ ಖರ್ಚೂ ಬಿಗಿ. ಎಲ್ಲಿ ಕೊಂಡರೆ ನಿಜಕ್ಕೂ ಕಮ್ಮಿ ಬೀಳುತ್ತೆ ಅಂತ ಗೊತ್ತಾಗಲೇಬೇಕಿತ್ತು. ಒಂದೇ ಪಟ್ಟಿ ಹಿಡಿದು ನಾಲ್ಕು ವಾರ ನಾಲ್ಕು ಕಡೆ ಸಾಮಾನು ತಂದೆ. ಮೊದಲ ವಾರ ದೂರದ ಸೂಪರ್ ಮಾರ್ಕೆಟ್, ಎರಡನೇ ವಾರ ಡೆಲಿವರಿ ಆ್ಯಪ್, ಉಳಿದೆರಡು ವಾರ ನಡೆದು ಹೋಗುವಷ್ಟು ಹತ್ತಿರ ಇರುವ ಎರಡು ದಿನಸಿ ಅಂಗಡಿ. ಬಿಲ್ಲು ಮಾತ್ರ ಅಲ್ಲ, ಬಸ್ ಚಾರ್ಜು, ಹಿಡಿದ ಹೊತ್ತು, ಕೊಳೆತು ಎಸೆದದ್ದು, ಎಲ್ಲ ಬರೆದಿಟ್ಟೆ.

ಬಿಲ್ಲಷ್ಟೇ ನೋಡಿದರೆ ಸೂಪರ್ ಮಾರ್ಕೆಟ್ಟೇ ಕಮ್ಮಿ. ಅದರಲ್ಲಿ ಎರಡು ಮಾತಿಲ್ಲ. ಆದರೆ ಅಲ್ಲಿ ದರ ಇಳಿಯೋದು ದೊಡ್ಡ ಪ್ಯಾಕಿಗೆ. ಅದಕ್ಕೆ ಒಟ್ಟಿಗೆ ದುಡ್ಡು ಬೇಕು, ಹೊತ್ತು ತರುವ ಕೈಯೂ ಬೇಕು. ಎರಡು ಬಸ್ ಹತ್ತಿ ಇಳಿದು ಮನೆ ಸೇರುವಾಗ ಚೀಲದ ಹಿಡಿ ಕೊರೆದು ಬೆರಳುಗಳ ಮೇಲೆ ಕೆಂಪು ಗೆರೆ ಎದ್ದಿತ್ತು. ಅರ್ಧ ದಿನ ಅದರಲ್ಲೇ ಹೋಯಿತು. ಮತ್ತೆ ಮತ್ತೆ ಹೋಗೋಕಾಗಲ್ಲ ಅಂತ ವಾರಕ್ಕಾಗುವಷ್ಟು ಸೊಪ್ಪು ತಂದಿದ್ದೆ. ನಾಲ್ಕನೇ ದಿನಕ್ಕೆ ಅರ್ಧ ಹಳದಿಯಾಗಿ ಬುಟ್ಟಿ ಸೇರಿತು. ಬಸ್ ಚಾರ್ಜು, ಎಸೆದ ಸೊಪ್ಪು ಎರಡನ್ನೂ ಕೂಡಿಸಿದ ಮೇಲೆ ಉಳಿತಾಯ ಅನ್ನೋದು ಹೆಚ್ಚೇನೂ ಉಳಿಯಲಿಲ್ಲ.

ಆ್ಯಪ್ ಬಗ್ಗೆ ಹೇಳೋದು ಸ್ವಲ್ಪವೇ. ಸಣ್ಣ ಆರ್ಡರಿಗೆ ಡೆಲಿವರಿ ಶುಲ್ಕ ಬೀಳುತ್ತೆ. ಅದನ್ನು ತಪ್ಪಿಸಲು ಬೇಡದ್ದನ್ನೂ ಸೇರಿಸ್ತೀವಿ. ಕಾಯಿಲೆ ಬಿದ್ದವರಿಗೆ, ನಡೆಯಲಾಗದವರಿಗೆ ಅದು ದೊಡ್ಡ ಆಸರೆ. ನನಗೆ ಒಗ್ಗಲಿಲ್ಲ.

ಹತ್ತಿರದ ಮೊದಲ ಅಂಗಡಿಯಲ್ಲಿ ಎದುರಿಗೆ ಕಾಣೋದೆಲ್ಲ ಬಿಸ್ಕತ್ತು, ಚಿಪ್ಸ್, ತಂಪು ಪಾನೀಯ. ಮೂಲೆಯ ಬುಟ್ಟಿಯಲ್ಲಿ ಮೊಳಕೆ ಬಂದ ಈರುಳ್ಳಿ. ಪಟ್ಟಿಯ ಅರ್ಧವೂ ಅಲ್ಲಿ ಸಿಗಲಿಲ್ಲ. ಸಣ್ಣ ಅಂಗಡಿ ಹತ್ತಿರ ಇದ್ದ ಮಾತ್ರಕ್ಕೆ ಒಳ್ಳೆ ಊಟದ ಸಾಮಾನು ಸಿಕ್ಕ ಹಾಗಲ್ಲ. ಇದನ್ನು ಒಪ್ಪದೆ ಸುಮ್ನೆ ಸಣ್ಣ ಅಂಗಡಿಗಳನ್ನು ಹೊಗಳಿದರೆ ನಮಗೇ ನಷ್ಟ.

ಎರಡನೇ ಅಂಗಡಿ ಬೇರೆಯೇ ಥರ. ಅಲ್ಲಿ ಎಲ್ಲವೂ ಬಿಡಿಯಾಗಿ ಸಿಗುತ್ತೆ. ಅಂಗಡಿ ನಡೆಸುವ ಅಕ್ಕ ಸೊಪ್ಪಿನ ಕಟ್ಟನ್ನು ಕೈಯಲ್ಲೇ ಎರಡು ಮಾಡಿ, "ಇಬ್ಬರಿಗೆ ಇಷ್ಟು ಸಾಕಲ್ವಾ?" ಅಂದರು. ನಿಂಬೆಹಣ್ಣು ಒಂದು, ಟೊಮೆಟೊ ನಾಲ್ಕು, ಬೇಳೆ ಎರಡು ದಿನಕ್ಕಾಗುವಷ್ಟು. ಆ ವಾರ ನಾನು ಎಸೆದದ್ದು ಏನೂ ಇಲ್ಲ. ದಿನಗೂಲಿ ಮಾಡುವವರಿಗೆ ಈ ಅನುಕೂಲ ಎಷ್ಟು ದೊಡ್ಡದು ನೋಡಿ. ದುಡ್ಡು ಬರೋದೇ ದಿನಕ್ಕಿಷ್ಟು ಅಂತ. ತಿಂಗಳ ಪ್ಯಾಕಿನ ರಿಯಾಯಿತಿ ಕಟ್ಟಿಕೊಂಡು ಅವರೇನು ಮಾಡೋದು?

ಆದರೆ ಎಣ್ಣೆ, ಸೋಪು, ಪ್ಯಾಕೆಟ್ ಸಾಮಾನು ಅಲ್ಲಿ ಜಾಸ್ತಿಯೇ. ಯಾಕಕ್ಕಾ ಅಂತ ಕೇಳಿದೆ. "ನಾನು ಹತ್ತು ಡಬ್ಬ ತರ್ತೀನಿ, ಸೂಪರ್ ಮಾರ್ಕೆಟ್ಟಿನವರು ಲಾರಿಗಟ್ಟಲೆ ತರ್ತಾರೆ. ನಮ್ಮಿಬ್ಬರಿಗೂ ಒಂದೇ ರೇಟು ಎಲ್ಲಿ ಕೊಡ್ತಾರೆ?" ಅಂದರು. ಈ ತೊಂದರೆ ಹಳೆಯದು. ಅಮೆರಿಕದಲ್ಲಿ 1936ರಲ್ಲೇ ರಾಬಿನ್ಸನ್–ಪ್ಯಾಟ್ಮನ್ ಕಾಯ್ದೆ ತಂದರು. ಒಂದೇ ಸರಕನ್ನು ಪೈಪೋಟಿಯಲ್ಲಿರುವ ಅಂಗಡಿಗಳಿಗೆ ಬೇರೆ ಬೇರೆ ದರಕ್ಕೆ ಮಾರಿ ಸಣ್ಣವರನ್ನು ಮೂಲೆಗೆ ತಳ್ಳಬಾರದು ಅನ್ನೋದು ಅದರ ಉದ್ದೇಶ. 1980ರ ದಶಕದಿಂದ ಅದರ ಜಾರಿ ತೀರಾ ಸಡಿಲವಾಯಿತು. ಜರ್ಮನಿಯ ಅಂಗಡಿಯವರು ಬೇರೆ ದಾರಿ ಹಿಡಿದರು. ಇವತ್ತಿನ ಎಡೆಕಾ ಅನ್ನುವ ದೊಡ್ಡ ಸಂಸ್ಥೆ 1898ರಲ್ಲಿ ಹುಟ್ಟಿದ್ದೇ ಸಣ್ಣ ವ್ಯಾಪಾರಿಗಳು ಒಟ್ಟಾಗಿ ಸಗಟು ಖರೀದಿ ಮಾಡೋಣ ಅಂತ ಸೇರಿದ್ದರಿಂದ. ನನಗೆ ಹೆಚ್ಚು ಭರವಸೆ ಈ ದಾರಿಯ ಮೇಲೆ.

ಇನ್ನೊಂದು ವಿಷಯ ಮುಚ್ಚಿಡಬಾರದು. ಅರ್ಥಶಾಸ್ತ್ರಜ್ಞ ಹಂಟ್ ಆಲ್ಕಾಟ್ ಮತ್ತು ಸಂಗಡಿಗರು 2019ರಲ್ಲಿ ಅಮೆರಿಕದ ಬಗ್ಗೆ ಒಂದು ಅಧ್ಯಯನ ಪ್ರಕಟಿಸಿದರು. ಅಂಗಡಿ ಇಲ್ಲದ ಬಡ ಬಡಾವಣೆಗಳಲ್ಲಿ ಸೂಪರ್ ಮಾರ್ಕೆಟ್ ತೆರೆದರೂ ಜನರ ಊಟದ ಪೌಷ್ಟಿಕತೆ ಹೆಚ್ಚೇನೂ ಬದಲಾಗಲಿಲ್ಲ ಅಂತ ಅದರಲ್ಲಿ ಕಂಡುಬಂತು. ಜನ ಮೊದಲೂ ದೂರದ ಸೂಪರ್ ಮಾರ್ಕೆಟ್ಟಿಗೇ ಹೋಗುತ್ತಿದ್ದರು. ಹೊಸದು ಬಂದಾಗ ಅಂಗಡಿ ಬದಲಾಯಿತು, ಚೀಲದೊಳಗಿನ ಸಾಮಾನು ಬದಲಾಗಲಿಲ್ಲ. ನಾನು ಬರೆದಿಟ್ಟ ಲೆಕ್ಕವೂ ಇದಕ್ಕೆ ವಿರುದ್ಧ ಏನಿಲ್ಲ. ಹತ್ತಿರದ ಅಂಗಡಿ ನನ್ನ ಊಟ ಬದಲಿಸಲಿಲ್ಲ. ಆದರೆ ಅರ್ಧ ದಿನ ಉಳಿಸಿತು, ಬಸ್ ಚಾರ್ಜು ಉಳಿಸಿತು, ಸೊಪ್ಪು ಬುಟ್ಟಿ ಸೇರುವುದನ್ನು ತಪ್ಪಿಸಿತು. ಬಿಗಿಯಾಗಿ ಬದುಕುವ ಮನೆಗೆ ಇದೂ ದುಡ್ಡೇ ಅಲ್ವಾ?

ಈಗ ಅಕ್ಕಿ, ಎಣ್ಣೆ ಮಾತ್ರ ತಿಂಗಳಿಗೊಮ್ಮೆ ಸೂಪರ್ ಮಾರ್ಕೆಟ್ಟಿನಿಂದ ತರ್ತೀನಿ, ಪಕ್ಕದ ಮನೆಯವರ ಜೊತೆ ಹೋಗಿ. ಉಳಿದದ್ದೆಲ್ಲ ಅಕ್ಕನ ಅಂಗಡಿಯಿಂದ. ಮೊದಲ ಅಂಗಡಿಯವರನ್ನೂ ಕೇಳಿದೆ, ತರಕಾರಿ ಯಾಕೆ ಇಡಲ್ಲ ಅಂತ. "ಕೊಳೆತರೆ ಯಾರು ಹೊರೋದು?" ಅಂದರು. ನ್ಯಾಯವಾದ ಮಾತು. ನಾವು ನಾಲ್ಕು ಮನೆಯವರು ದಿನ ಬಿಟ್ಟು ದಿನ ತಪ್ಪದೆ ಕೊಳ್ತೀವಿ ಅಂತ ಮಾತು ಕೊಟ್ಟೆವು. ಹೋದ ವಾರ ಬಿಸ್ಕತ್ತಿನ ಡಬ್ಬಗಳನ್ನು ಒಂದು ಕಡೆ ಸರಿಸಿ ಟೊಮೆಟೊ ಕ್ರೇಟ್ ಇಟ್ಟಿದ್ದರು. ಸೊಪ್ಪು ಇನ್ನೂ ಬಂದಿಲ್ಲ. ಕೇಳ್ತಾ ಇದ್ದೀವಿ.