ಟೈರ್‌ಗೆ ಗಾಳಿ ತುಂಬೋ ಪುಟ್ಟ ಪಂಪ್: ಒಂದು ವರ್ಷ ಇಟ್ಕೊಂಡ ಮೇಲೆ

ಕಾರ್‌ನ 12 ವೋಲ್ಟ್ ಸಾಕೆಟ್‌ಗೆ ಚುಚ್ಚೋ ಪಂಪ್ ತಗೊಂಡು ವರ್ಷ ಆಯ್ತು, ಡಿಕ್ಕೀಲಿ ಸುಮ್ನೆ ಬಿದ್ದಿತ್ತು, ಮೊನ್ನೆ ರಾತ್ರಿ ಹೈವೇನಲ್ಲಿ ಸ್ಟೇರಿಂಗ್ ಎಡಕ್ಕೆ ಎಳೆಯೋಕೆ ಶುರು ಮಾಡಿದಾಗ್ಲೇ ಅದು ನೆನಪಾಗಿದ್ದು. ಬ್ರೇಕ್ ಗಕ್ಕಂತ ಒತ್ತದೆ ನಿಧಾನಕ್ಕೆ ಸೈಡಿಗೆ ತಗೊಂಡು, ಹಜಾರ್ಡ್ ಲೈಟ್ ಹಾಕಿ, ಮನೆಯವ್ರನ್ನ ಕಾರಿಂದ ಇಳಿಸಿ ರಸ್ತೆಯಿಂದ ದೂರ ನಿಲ್ಲಿಸಿ, ರಿಫ್ಲೆಕ್ಟರ್ ತ್ರಿಕೋನ ಹಿಂದೆ ಇಟ್ಟು ಬಂದೆ, ಆಮೇಲೆ ಪಂಪ್ ಕೈಗೆ ತಗೊಂಡಿದ್ದು.

ಮುಂದಿನ ಎಡ ಟೈರ್ 17 ಪಿಎಸ್‌ಐ (ಗಾಳಿ ಒತ್ತಡದ ಅಳತೆ) ತೋರಿಸ್ತು, ಡ್ರೈವರ್ ಬಾಗಿಲ ಸ್ಟಿಕರ್ ಪ್ರಕಾರ ಇರ್ಬೇಕಾದ್ದು 33. ಟ್ಯೂಬ್‌ಲೆಸ್ ಟೈರು, ಮೊಳೆ ಕಾಣಿಸ್ತಿತ್ತು, ಕೀಳೋಕೆ ಹೋಗ್ಲಿಲ್ಲ, ಕಿತ್ರೆ ಇರೋ ಗಾಳೀನೂ ಭುಸ್ ಅಂತ ಹೋಗುತ್ತೆ. ಇಂಜಿನ್ ಆನ್ ಇಟ್ಟು 33 ಸೆಟ್ ಮಾಡಿದೆ, ಐದಾರು ನಿಮಿಷಕ್ಕೆ ತಾನೇ ನಿಂತ್ಕೊಳ್ತು. ಪಂಕ್ಚರ್ ಅಂಗಡಿ ತನಕ ಮೆಲ್ಲಗೆ ಹೋದ್ವಿ.

ಬೈಯೋಕೂ ಇದೆ. ವೈರ್ ಗಿಡ್ಡ, ಹಿಂದಿನ ಟೈರ್‌ಗೆ ಎಟುಕಲ್ಲ ಅನ್ಸುತ್ತೆ. ಸದ್ದು ಮಿಕ್ಸಿ ಥರ. ವಾಲ್ವ್‌ಗೆ ತಿರುಗಿಸೋ ಹಿತ್ತಾಳೆ ಮೂತಿ ಕಾಯ್ದು ಕೆಂಡ ಆಗಿರುತ್ತೆ, ನಂಗೊತ್ತಿರ್ಲಿಲ್ಲ, ಬೆರಳು ಸುಟ್ಕೊಂಡೆ, ಒಂದು ಹಳೇ ಬಟ್ಟೆ ಜೊತೆಗಿಟ್ಕೊಳಿ. ಅದರ ಎಲ್‌ಇಡಿ ಬೆಳಕಂತೂ ನಾಮಕಾವಸ್ತೆ, ಮೊಬೈಲ್ ಟಾರ್ಚೇ ಗತಿ.

ಟೈರಿನ ಬದಿ (ಸೈಡ್‌ವಾಲ್) ಹರಿದಿದ್ರೆ ಇದರಿಂದ ಏನೂ ಆಗಲ್ಲ, ಸ್ಟೆಪ್ನಿನೇ ಬೇಕು. ಅಂದ್ಹಾಗೆ ಸ್ಟೆಪ್ನಿಗೂ ತಿಂಗಳಿಗೊಂದ್ಸಲ ಗಾಳಿ ನೋಡಿ, ನಂದು ಅವತ್ತು 12ಕ್ಕೆ ಇಳಿದಿತ್ತು. ಐದಕ್ಕೆ ನಾಲ್ಕು ಸ್ಟಾರ್.