ಕಮಾಂಡ್ ಪ್ರಾಂಪ್ಟಿನಲ್ಲಿ ಎನ್‌ವಿಡಿಎ: ಮಾತು ನಿಂತಾಗ ಎಲ್ಲಿ ಹುಡುಕಬೇಕು

ಪರದೆಯ ಮೇಲಿನ ಬರಹವನ್ನು ಓದಿ ಹೇಳುವ ಎನ್‌ವಿಡಿಎ ತಂತ್ರಾಂಶವನ್ನು ಆಸ್ಟ್ರೇಲಿಯಾದ ಮೈಕೆಲ್ ಕರನ್ 2006ರಲ್ಲಿ ಆರಂಭಿಸಿದರು. ಇಂದಿಗೂ ಅದಕ್ಕೆ ಬೆಲೆಯಿಲ್ಲ. ಬ್ರೌಸರಿನಲ್ಲಿ, ವರ್ಡಿನಲ್ಲಿ ಅದು ಹೇಗೆ ಕೆಲಸ ಮಾಡುತ್ತದೆಂದು ಬರೆದವರು ಬಹಳ ಮಂದಿ. ಶಿವಮೊಗ್ಗದಲ್ಲಿ ಅಡಿಕೆ ವಹಿವಾಟಿನ ಲೆಕ್ಕ ನೋಡಿಕೊಳ್ಳುವ, ದೃಷ್ಟಿಯಿಲ್ಲದ ನನಗೆ ಅದರಿಂದ ಹೆಚ್ಚು ಕೆಲಸವಿರುವುದು ಆಜ್ಞೆಗಳನ್ನು ಟೈಪ್ ಮಾಡಿ ಕೊಡುವ ವಿಂಡೋಸಿನ ಕಿಟಕಿಯಾದ ಕಮಾಂಡ್ ಪ್ರಾಂಪ್ಟಿನಲ್ಲಾದ್ದರಿಂದ ಈ ವಿಮರ್ಶೆಯೂ ಅಷ್ಟಕ್ಕೇ ಸೀಮಿತ.

ಆಜ್ಞೆ ಕೊಟ್ಟ ಮೇಲೆ ದನಿ ಬಾರದಿದ್ದರೆ ತಂತ್ರಾಂಶವನ್ನೇ ತೆಗೆದು ಮತ್ತೆ ಹಾಕುವವರಿದ್ದಾರೆ. ಅದರ ಅಗತ್ಯ ಬೀಳುವುದು ಅಪರೂಪ. ಎನ್‌ವಿಡಿಎಯ ಟೂಲ್ಸ್ ಮೆನುವಿನಲ್ಲಿರುವ, ಅದು ಆಡುವ ಮಾತನ್ನು ಬರಹದಲ್ಲಿ ತೋರಿಸುವ ಸ್ಪೀಚ್ ವ್ಯೂವರನ್ನು ತೆರೆದಿಟ್ಟು, ಕಡತಗಳ ಪಟ್ಟಿ ಕೊಡುವ 'ಡಿರ್' ಎಂಬ ಆಜ್ಞೆ ಕೊಟ್ಟು, ಆ ಕಿಟಕಿಯಲ್ಲಿ ಅಕ್ಷರ ಮೂಡಿತೇ ಎಂದು ಪಕ್ಕದವರನ್ನು ಕೇಳಿದರೆ ದೋಷ ಯಾವ ಕಡೆಯದೆಂಬುದು ತಿಳಿಯುತ್ತದೆ. (ಒಬ್ಬರೇ ಇದ್ದರೆ ಬರಹವನ್ನು ಬೆರಳಿಗೆ ತಾಗುವ ಚುಕ್ಕಿಗಳಾಗಿ ಮೂಡಿಸುವ ಬ್ರೈಲ್ ಡಿಸ್‌ಪ್ಲೇ ಬೇಕು, ಅದರ ಬೆಲೆ ಸಾಧಾರಣ ಮನೆಗಳಿಗೆ ಎಟುಕುವಂಥದ್ದಲ್ಲ.) ಅಕ್ಷರ ಮೂಡಿಯೂ ಮಾತು ಕೇಳದಿದ್ದರೆ ಸ್ಪೀಚ್ ಮೋಡ್ ಆಫ್ ಆಗಿರಬಹುದು, ಇಲ್ಲವೇ ಸದ್ದು ಬೇರೆ ಸ್ಪೀಕರಿಗೆ ಹೋಗುತ್ತಿರಬಹುದು, ಎನ್‌ವಿಡಿಎ ಕೀಲಿಯೊಂದಿಗೆ (ಸಾಮಾನ್ಯವಾಗಿ ಇನ್ಸರ್ಟ್) ಎಸ್ ಒತ್ತುತ್ತ ಹೋದರೆ ಮೊದಲನೆಯದು ಸರಿಹೋಗುತ್ತದೆ. ಅಕ್ಷರವೇ ಮೂಡದಿದ್ದರೆ ಮೊದಲು ನೋಡಬೇಕಾದದ್ದು ಎನ್‌ವಿಡಿಎ ಕೀಲಿ ಮತ್ತು 5ರ ಜೋಡಿಯನ್ನು. ಹೊಸದಾಗಿ ಬಂದ ಸಾಲುಗಳನ್ನು ತಾನಾಗಿ ಓದುವ ಸೌಲಭ್ಯ ಅದರಿಂದಲೇ ನಿಲ್ಲುತ್ತದೆ, ಅದರಿಂದಲೇ ಮತ್ತೆ ಶುರುವಾಗುತ್ತದೆ. ಆಗಲೂ ನ್ಯೂಮ್‌ಪ್ಯಾಡಿನ 7ನ್ನು ಒತ್ತಿ ಹಿಂದಿನ ಸಾಲುಗಳನ್ನು ಒಂದೊಂದಾಗಿ ಕೇಳಬಹುದಾದ್ದರಿಂದ ಉತ್ತರವೇನೂ ಕಳೆದುಹೋಗಿರುವುದಿಲ್ಲ.

ಮಾತು ಬಂದರೂ ಅರ್ಥವಾಗದಿರುವುದು ಇನ್ನೊಂದು ತೊಂದರೆ. ರಾಶಿ, ಬೆಟ್ಟೆ, ಗೊರಬಲು, ಸರಕು ಎಂಬ ಅಡಿಕೆ ಬಗೆಗಳ ದರವನ್ನು ಕನ್ನಡದಲ್ಲಿ ಬರೆದು, ಯುಟಿಎಫ್-8 ಎಂಬ ಯೂನಿಕೋಡ್ ರೂಪದಲ್ಲಿ ಉಳಿಸಿದ ಕಡತವನ್ನು 'ಟೈಪ್' ಆಜ್ಞೆಯಿಂದ ತೆರೆದರೆ ಅಡ್ಡಾದಿಡ್ಡಿ ಚಿಹ್ನೆಗಳ ಹೆಸರುಗಳೇ ಕಿವಿಗೆ ಬೀಳುತ್ತವೆ. ಇದರಲ್ಲಿ ಓದುವ ತಂತ್ರಾಂಶದ ತಪ್ಪಿಲ್ಲ. ಕಿಟಕಿಯ ಕೋಡ್ ಪೇಜ್, ಅಂದರೆ ಯಾವ ಸಂಕೇತಕ್ಕೆ ಯಾವ ಅಕ್ಷರವೆಂದು ಹೇಳುವ ಪಟ್ಟಿ, ಹಳೆಯದಿರುತ್ತದೆ. 'ಸಿಎಚ್‌ಸಿಪಿ 65001' ಎಂದು ಮೊದಲು ಕೊಟ್ಟರೆ ಅಕ್ಷರಗಳು ಸರಿಯಾಗುತ್ತವೆ. ಆದರೆ ಅಲ್ಲಿನ ಬರಹಕ್ಕೆ ಇದು ಇಂಥ ಭಾಷೆಯೆಂಬ ಗುರುತು ಇಲ್ಲದ ಕಾರಣ ಧ್ವನಿಯನ್ನು, ಎನ್‌ವಿಡಿಎ ಜೊತೆಗೇ ಬರುವ ಮಾತಿನ ಯಂತ್ರವಾದ ಇ-ಸ್ಪೀಕ್ ಎನ್‌ಜಿಯ ಕನ್ನಡಕ್ಕೆ ನಾವೇ ಬದಲಿಸಿಕೊಳ್ಳಬೇಕು. ಆ ಕನ್ನಡ ಯಾಂತ್ರಿಕ, ಗಡಸು. ಮಳೆಗಾಲದಲ್ಲಿ ತಗಡಿನ ಮಾಡಿನ ಕೆಳಗೆ ಕೂತು ಕೇಳುವಾಗ ಮಾತ್ರ ಆ ಗಡಸುತನವೇ ಒಳ್ಳೆಯದೆನಿಸುತ್ತದೆ.

ನನಗೆ ಬಹಳ ಹಿಡಿಸಿದ್ದು ಕಾನ್ಫಿಗರೇಶನ್ ಪ್ರೊಫೈಲ್, ಅಂದರೆ ಒಂದೊಂದು ತಂತ್ರಾಂಶಕ್ಕೂ ಬೇರೆಬೇರೆ ಹೊಂದಿಕೆಗಳನ್ನು ಇಟ್ಟುಕೊಳ್ಳುವ ಸೌಲಭ್ಯ. ಕಮಾಂಡ್ ಪ್ರಾಂಪ್ಟಿಗೆಂದೇ ಒಂದು ಪ್ರೊಫೈಲ್ ಮಾಡಿ, ಅದರಲ್ಲಿ ಚಿಹ್ನೆಗಳನ್ನೆಲ್ಲ ಓದುವಂತೆ ಇಟ್ಟು ವೇಗವನ್ನು ಇಳಿಸಿಕೊಂಡರೆ, ಹೈಫನ್ನು, ಚುಕ್ಕಿ, ಬ್ಯಾಕ್‌ಸ್ಲ್ಯಾಶ್ ಯಾವುದೂ ತಪ್ಪಿಹೋಗುವುದಿಲ್ಲ. ವರ್ಡಿಗೆ ಮರಳಿದೊಡನೆ ಹಳೆಯ ಓದು ತಾನಾಗಿ ಬರುತ್ತದೆ.

ಉದ್ದನೆಯ ಉತ್ತರಗಳ ವಿಷಯದಲ್ಲಿ ತೃಪ್ತಿಯಿಲ್ಲ. ನೂರಾರು ಕಡತಗಳ ಪಟ್ಟಿ ಬಂದರೆ ಅದು ಓದುತ್ತಲೇ ಹೋಗುತ್ತದೆ, ಕಂಟ್ರೋಲ್ ಒತ್ತಿ ಬಾಯಿ ಮುಚ್ಚಿಸಿದರೂ ಹೊಸ ಸಾಲು ಬಂದೊಡನೆ ಮತ್ತೆ ಆರಂಭ. ಆದ್ದರಿಂದ ಆಜ್ಞೆಯ ಕೊನೆಗೆ ನಿಂತ ಗೆರೆಯೊಂದನ್ನು ಹಾಕಿ 'ಕ್ಲಿಪ್' ಎಂದು ಸೇರಿಸಿ, ಹಾಗೆ ಕ್ಲಿಪ್‌ಬೋರ್ಡಿಗೆ ಹೋದ ಉತ್ತರವನ್ನು ನೋಟ್‌ಪ್ಯಾಡಿಗೆ ಅಂಟಿಸಿ ಓದುವುದನ್ನೇ ನಾನು ರೂಢಿಸಿಕೊಂಡಿದ್ದೇನೆ. ವಿಂಡೋಸಿನ ಇನ್ನೊಂದು ಆಜ್ಞೆಯ ಕಿಟಕಿಯಾದ ಪವರ್‌ಶೆಲ್ ಬಳಸುವವರಿಗೆ ಒಂದು ಸೂಚನೆ: ಎನ್‌ವಿಡಿಎಯಂಥ ಸ್ಕ್ರೀನ್ ರೀಡರ್ ಇದೆಯೆಂದು ಕಂಡರೆ ಪವರ್‌ಶೆಲ್, ಆಜ್ಞೆ ಟೈಪ್ ಮಾಡಲು ನೆರವಾಗುವ ತನ್ನ ಪಿಎಸ್‌ರೀಡ್‌ಲೈನ್ ಘಟಕವನ್ನು ನಿಲ್ಲಿಸಿ ಎಚ್ಚರಿಕೆಯ ಸಾಲೊಂದನ್ನು ತೋರಿಸುತ್ತದೆ. ಅದು ದೋಷವಲ್ಲ, ಬೇಕೆನಿಸಿದರೆ ಆ ಸಾಲಿನಲ್ಲೇ ಹೇಳಿರುವ ಆಜ್ಞೆಯಿಂದ ಆ ಘಟಕವನ್ನು ಮರಳಿ ತರಿಸಿಕೊಳ್ಳಬಹುದು.