ಮಾಲ್‌ನ ಸ್ಮಾರ್ಟ್ ಪಾರ್ಕಿಂಗ್: ಒಳಗೆ ಹೋಗೋದು ಸಲೀಸು, ಹೊರಗೆ ಬರೋದೇ ಫಜೀತಿ

ಹೋದ ವಾರ ಅಪ್ಪಯ್ಯನ ಕಣ್ಣು ತೋರಿಸ್ಲಿಕ್ಕೆ ಶಿರಸಿಯಿಂದ ಕಾರಲ್ಲೇ ಬೆಂಗಳೂರಿಗೆ ಹೋಗಿದ್ವಿ, ವಾಪಸ್ ಬರೋ ದಿನ ಆಯಿಗೆ ಮಾಲ್ ನೋಡೋ ಆಸೆ, ಸರಿ ಅಂತ ಒಂದು ದೊಡ್ಡ ಮಾಲಿಗೆ ಹೊಕ್ಕಿದ್ದು. ಹೆಸರು ಬೇಡ ಬಿಡಿ. ಈ ರಿವ್ಯೂ ಮಾಲಿಂದಲ್ಲ, ಅದರ ಕೆಳಗಿರೋ ಸ್ಮಾರ್ಟ್ ಪಾರ್ಕಿಂಗಿಂದು.

ಒಳ್ಳೇದು ಮೊದಲು ಹೇಳ್ತೇನೆ. ಗೇಟಲ್ಲಿ ಚೀಟಿ ಕೊಡೋರಿಲ್ಲ, ಕ್ಯಾಮೆರಾನೇ ನಂಬರ್ ಪ್ಲೇಟ್ ಓದ್ಕೊಂಡು ಗೇಟ್ ಎತ್ತತದೆ, ಯಾವ ಫ್ಲೋರಲ್ಲಿ ಎಷ್ಟು ಜಾಗ ಖಾಲಿ ಅಂತ ಬೋರ್ಡಲ್ಲೇ ಬರ್ತದೆ, ಒಳಗೆ ಒಂದೊಂದು ಜಾಗದ ಮೇಲೂ ಸಣ್ಣ ಲೈಟು, ಖಾಲಿ ಇದ್ರೆ ಹಸ್ರು, ಗಾಡಿ ಇದ್ರೆ ಕೆಂಪು. ಮಂತ್ರ ಎಂತದೂ ಅಲ್ಲ, ಮೇಲಿರೋ ಸೆನ್ಸರ್ ನಮ್ಮ ಕಿವಿಗೆ ಕೇಳದ ಶಬ್ದ ಕೆಳಗೆ ಬಿಡ್ತದೆ, ನೆಲಕ್ಕೆ ತಾಗಿ ಬಂದ್ರೆ ತಡ, ಕಾರಿನ ತಲೆಗೆ ತಾಗಿದ್ರೆ ಬೇಗ ವಾಪಸ್, ಬಾವಿಗೆ ಕಲ್ಲು ಹಾಕಿ ಆಳ ಅಂದಾಜು ಮಾಡ್ತೇವಲ್ಲ ಹಾಗೆ.

ಅಪ್ಪಯ್ಯ ಹಿಂದಿಂದ, "ತಮಾ, ಅಲ್ಲಿ ಹಸ್ರು ಲೈಟು ಇದ್ದು ನೋಡು" ಅಂದ್ರು. ಹೋಗಿ ನೋಡಿದ್ರೆ ಪಕ್ಕದ ದೊಡ್ಡ ಗಾಡಿಯವ ಗೀಟು ದಾಟಿ ಒಂದೂವರೆ ಅಡಿ ಈಚೆ ನಿಲ್ಸಿದ್ದಾನೆ, ಕಾರು ನುಗ್ಗಿಸ್ಬಹುದು ಆದ್ರೆ ಬಾಗಿಲು ತೆಗೀಲಿಕ್ಕಾಗೋದಿಲ್ಲ. ಸೆನ್ಸರಿಗೆ ತನ್ನ ಕಾಲಡಿ ಬಿಟ್ರೆ ಬೇರೆ ಕಾಣೋದಿಲ್ಲ ಮಾರಾಯ್ರೆ. ಇನ್ನೆರಡು ಸುತ್ತು ಹಾಕಿ ಜಾಗ ಸಿಕ್ತು.

ಅಸಲಿ ಕತೆ ಹೊರಗೆ ಬರೋವಾಗ. ನಮ್ಮ ಪ್ಲೇಟಿನ ಮೇಲೆ ಊರಿನ ಕೆಂಪು ಕೆಸರು, ಒಳಗೆ ಬರುವಾಗ ಕ್ಯಾಮೆರಾ 3ನ್ನ 8 ಅಂತ ಓದ್ಕೊಂಡಿತ್ತು, ಹೊರಗಿನ ಕ್ಯಾಮೆರಾ ಸರಿಯಾಗಿ 3 ಅಂತಲೇ ಓದ್ತು, ಹಾಗಾಗಿ ಅದರ ಲೆಕ್ಕದಲ್ಲಿ ನಾವು ಒಳಗೆ ಬಂದೇ ಇಲ್ಲ! ಬರದೇ ಇದ್ದವ ಹೊರಗೆ ಹೋಗೋದು ಹೇಗೆ, ಗೇಟ್ ಏಳ್ಲಿಲ್ಲ. ಹಿಂದೆ ಹಾರ್ನೋ ಹಾರ್ನು. ಅಲ್ಲಿದ್ದ ಹುಡುಗ ನಮ್ಮ ಫೋಟೋ ಹುಡುಕಿ ತೆಗೆಯೋದಕ್ಕೆ ಇಪ್ಪತ್ತು ನಿಮಿಷ, ಆಮೇಲೆ ಕ್ಯಾಶ್ ತಗೊಳೋದಿಲ್ಲ ಅಂದ, ಫೋನ್‌ಪೇ ಮಾಡೋಣ ಅಂದ್ರೆ ನೆಲಮಾಳಿಗೆಲಿ ನನ್ನ ಫೋನಿಗೆ ಟವರೇ ಇಲ್ಲ, ಕೊನೆಗೆ ಪಾಪ ಅವನೇ ಹಾಟ್‌ಸ್ಪಾಟ್ ಕೊಟ್ಟ.

ಇದನ್ನೆಲ್ಲ ಭಾವನ ಹತ್ರ ಹೇಳಿದ್ರೆ ಅವ ಗೋಕರ್ಣಕ್ಕೂ ಇಂಥದ್ದು ಬರ್ಬೇಕು ಅಂತಾನೆ. ವೀಕೆಂಡಲ್ಲಿ ಅಲ್ಲಿ ಜಾಗ ಹುಡುಕಿದವರಿಗೆ ಹಾಗೆ ಅನ್ನಿಸೋದು ಸಹಜ. ಆದ್ರೆ ಸ್ಯಾನ್ ಫ್ರಾನ್ಸಿಸ್ಕೋದಲ್ಲಿ 2011ರಲ್ಲೇ ಎಸ್‌ಎಫ್‌ಪಾರ್ಕ್ ಅಂತ ರಸ್ತೆಯೊಳಗೆ ಸೆನ್ಸರ್ ಹುಗಿದಿದ್ರು, ಕಾರಿನ ಕಬ್ಬಿಣ ಮೇಲೆ ಬಂದ್ರೆ ಗೊತ್ತಾಗೋ ಥರದ್ದು, ರಸ್ತೆ ತುಂಬಿದ್ರೆ ರೇಟ್ ಏರಿಸೋದು ಖಾಲಿ ಇದ್ರೆ ಇಳಿಸೋದು, ಯಾವಾಗ್ಲೂ ಒಂದೆರಡು ಜಾಗ ಉಳೀಲಿ ಅಂತ. 2013ರ ಕೊನೆಗೆ ಆ ಸೆನ್ಸರ್‌ಗಳನ್ನೇ ಬಂದ್ ಮಾಡಿದ್ರು, ಬ್ಯಾಟರಿ ಆಯಸ್ಸು ಮುಗೀತಾ ಬಂದಿತ್ತು, ಆಮೇಲೆ ರಸ್ತೆ ಬದಿಯ ಪಾರ್ಕಿಂಗ್ ಮೀಟರಿಗೆ ಬಿದ್ದ ದುಡ್ಡಿನ ಲೆಕ್ಕ ನೋಡಿಯೇ ರೇಟ್ ಹಾಕಿದ್ರು. ನಮ್ಮ ಮಳೆಗೆ ನೆಲದಲ್ಲಿ ಹುಗಿದಿದ್ದು ಎಷ್ಟು ದಿನ ಬಾಳ್ತದೋ. ಮಾರಿಕಾಂಬೆ ಜಾತ್ರೆಲಿ ಸೀಟಿ ಊದೋ ಹುಡುಗ್ರಾದ್ರೆ ಗೀಟು ದಾಟಿದವನಿಗೆ ಬೈದಾದ್ರೂ ಬೈತಾರೆ.

ಐದಕ್ಕೆ ಮೂರು ಸ್ಟಾರ್, ಅದರಲ್ಲೊಂದು ಹಾಟ್‌ಸ್ಪಾಟ್ ಹುಡುಗನಿಗೆ. ಊರಿಂದ ಹೋಗೋರು ಒಳಗೆ ಹೋಗೋ ಮೊದಲು ಒದ್ದೆ ಬಟ್ಟೆಲಿ ಪ್ಲೇಟ್ ಒರೆಸ್ಕೊಳಿ, ದುಡ್ಡು ಮೇಲೇ ಕಟ್ಟಿ ಇಳೀರಿ, ಎಸ್ಕಲೇಟರ್ ಪಕ್ಕ ಮಷಿನ್ ಇದೆಯಂತೆ, ನಂಗೆ ಅದು ಗೊತ್ತಾಗಿದ್ದು ತುಮಕೂರು ದಾಟಿದ ಮೇಲೆ.